ಅರ್ಧ ಬಾವಿಯ ಗಂಗೆ ಪೂಜೆ

ನಂಜಪ್ಪನಿಗೆ ದುಂಡಗಿನದು ಏನು ಕಂಡರೂ ಅದರ ನಡು ಎಲ್ಲಿದೆ ಅಂತ ಹುಡುಕುವ ಚಾಳಿ. ರೊಟ್ಟಿ ತಟ್ಟೆಗೆ ಬಿದ್ದರೆ ಮೊದಲು ಕಣ್ಣಲ್ಲೇ ಅಳೆದು, "ಸೆಂಟರ್ ಔಟಾಗೈತೆ ಕಣವ್ವಾ, ಈ ಕಡೆ ದಪ್ಪ ಬಂದೈತೆ" ಅಂದು, ಆಮೇಲೆ ಮುರಿದು ಬಾಯಿಗಿಡುತ್ತಿದ್ದ. ಪಾಪ, ಅವನ ಕಸುಬೇ ಅಂಥದು. ಪೀಣ್ಯದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣದ ಸರಳು ತಿರುಗಿಸಿ ಕೆತ್ತುವ ಟರ್ನರ್ ಅವನು. ಸರಳಿನ ನಡು ಕೂದಲೆಳೆಯಷ್ಟು ತಪ್ಪಿದರೂ ಅದು ತಿರುಗುವಾಗ ಕುಂಟುತ್ತದೆ, ಕುಂಟಿದ್ದು ಗುಜರಿಗೆ ಹೋಗುತ್ತದೆ. ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದ ಮೇಲೇ ಆ ಕಾರ್ಖಾನೆ ಎದ್ದಿತ್ತು. ಅಪ್ಪ ನೇಗಿಲಲ್ಲಿ ನೆಟ್ಟಗೆ ಗೆರೆ ಎಳೆದ ಕಡೆ ಮಗ ನಿಂತು ದುಂಡಗೆ ಕೆತ್ತುತ್ತಿದ್ದ.

ಈ ಚಾಳಿ ಕಾರ್ಖಾನೆಯ ಗೇಟಿನಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವನು ಅದನ್ನು ಹಿತ್ತಲಿನ ಬಾವಿಗೆ ತಂದ.

ಮುತ್ತರಾಯನಪಾಳ್ಯದಲ್ಲಿ ಅವನದೂ ಅಣ್ಣ ಬೈರಪ್ಪನದೂ ಒಂದೇ ಮನೆ, ಒಂದೇ ಒಲೆ. ಬೈರಪ್ಪ ಅಳಿದುಳಿದ ತುಂಡು ಹೊಲದಲ್ಲಿ ಸೊಪ್ಪು ಬೆಳೆದು ಯಶವಂತಪುರದ ಸಂತೆಗೆ ಹಾಕುವವನು. ಮಾತು ಕಮ್ಮಿ, ಆಡಿದರೆ ಕಲ್ಲು ಬಿದ್ದ ಹಾಗೆ. ಆ ಮನೆ ನಿಂತಿದ್ದೇ ಅವನ ಹೆಂಡತಿ ಅಶ್ವತ್ಥಮ್ಮನ ಮೇಲೆ ಅಂದರೆ ತಪ್ಪಿಲ್ಲ. ಯಾಕೆಂದರೆ ನಂಜಪ್ಪನ ಹೆಂಡತಿ ಸುಬ್ಬಲಕ್ಷ್ಮಮ್ಮ ಹೆಣ್ಣುಮಗು ಹೆತ್ತು, ಜ್ವರ ಬಂದು, ಬಾಣಂತಿ ಕೋಣೆಯಿಂದ ಎದ್ದು ಬರಲೇ ಇಲ್ಲ. ಆಗ ಅಶ್ವತ್ಥಮ್ಮನ ಮಡಿಲಲ್ಲಿ ಅವಳದೇ ಗಂಡುಕೂಸಿತ್ತು. ಒಂದು ಮೊಲೆ ಮಗನಿಗೆ, ಒಂದು ಮೊಲೆ ಮೈದುನನ ಮಗಳಿಗೆ ಕೊಟ್ಟು ಬೆಳೆಸಿದಳು. ಹಾಗೆ ಬೆಳೆದ ಹುಡುಗಿಯೇ ವಸಂತ. ನಂಜಪ್ಪ ಮತ್ತೆ ಮದುವೆಯಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ನನ್ನ ಮಗಳಿಗೆ ತಾಯಿಯಾಗಿ ಅತ್ತಿಗೆ ಇದ್ದಾರಲ್ಲಪ್ಪಾ, ಇನ್ನೊಬ್ಬಳು ಯಾತಕ್ಕೆ" ಅನ್ನುತ್ತಿದ್ದ.

ಅವನ ಎದೆಯಲ್ಲಿ ಒಂದೇ ಒಂದು ಮುಳ್ಳು ಮುರಿದು ಉಳಿದಿತ್ತು. ಆ ಕಡೆಯ ಪದ್ಧತಿಯಲ್ಲಿ ಹೆತ್ತ ಹೆಂಗಸು ಗಂಗೆ ಪೂಜೆ ಆಗುವ ತನಕ ಬಾವಿ ಮುಟ್ಟುವಂತಿಲ್ಲ, ಹೊಸಿಲು ದಾಟಿ ಬೀದಿಗೆ ಇಳಿಯುವಂತಿಲ್ಲ. ಆ ದಿನ ತಲೆಗೆ ನೀರು ಹಾಕಿಕೊಂಡು, ಬಾವಿಯ ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಮಗುವನ್ನು ಎತ್ತಿಕೊಂಡು ಮೂರು ಸುತ್ತು ಬಂದು, ತನ್ನ ಕೈಯಾರೆ ಒಂದು ಬಿಂದಿಗೆ ನೀರು ಸೇದಿದರೆ, ಸಾವಿನ ಬಾಗಿಲಿಗೆ ಹೋಗಿದ್ದವಳು ಮನೆಗೆ ವಾಪಸ್ ಬಂದಳು ಅಂತ ಲೆಕ್ಕ. ಸುಬ್ಬಲಕ್ಷ್ಮಮ್ಮ ಆ ದಿನ ಕಾಣಲಿಲ್ಲ. ಮಗಳಾದರೂ ಆ ಬಾವಿ ಸುತ್ತಿ ಬರುವುದನ್ನು ನೋಡಬೇಕು, ನೋಡಿ ಕಣ್ಣು ತಂಪಾಗಬೇಕು ಅನ್ನುವುದು ನಂಜಪ್ಪನ ಬಹಳ ವರ್ಷಗಳ ಆಸೆ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ವಸಂತಳ ಮದುವೆಯಾಯಿತು. ಅಶ್ವತ್ಥಮ್ಮನೇ ಧಾರೆಗೆ ನಿಂತು ತುಮಕೂರು ಕಡೆಯ ಹುಡುಗನಿಗೆ ಕೊಟ್ಟಳು. ಅದಾದ ಮಾರನೇ ವರ್ಷ ಅಣ್ಣತಮ್ಮಂದಿರ ಮುದುಕ ಅಪ್ಪ ತೀರಿಕೊಂಡ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾದೆಯೇ ಇದೆಯಲ್ಲ, ಪಾಲಿನ ಮಾತು ಬಂತು. ನಿಜ ಹೇಳಬೇಕೆಂದರೆ ಪಾಲು ಚೆನ್ನಾಗಿಯೇ ನಡೆಯಿತು. ಮನೆ ಉತ್ತರದ ಅರ್ಧ ಬೈರಪ್ಪನಿಗೆ, ದಕ್ಷಿಣದ ಅರ್ಧ ನಂಜಪ್ಪನಿಗೆ. ಪಾತ್ರೆ, ಕುಡುಗೋಲು, ಒನಕೆ ಎಲ್ಲಕ್ಕೂ ಇಬ್ಬರೂ "ನೀನೇ ಇಟ್ಕೋ, ನೀನೇ ಇಟ್ಕೋ" ಅಂದವರೇ. ಬೆಂಕಿ ಹತ್ತಿಕೊಂಡಿದ್ದು ಬಾವಿಯ ಹತ್ತಿರ.

ಬಾವಿ ಹಿತ್ತಲ ನಡುವೆ ಇತ್ತು. ದುಂಡು ಬಾಯಿ, ಸುತ್ತಲೂ ಸೊಂಟದೆತ್ತರದ ಕಲ್ಲಿನ ಕಟ್ಟೆ. ಬಾಯಿಗೆ ಅಡ್ಡಲಾಗಿ ಒಂದು ತೊಲೆ, ತೊಲೆಗೆ ರಾಟೆ. ಪಾಲು ಮಾಡಲು ಬಂದಿದ್ದ ಊರ ಹಿರಿಯ ದೊಡ್ಡಮುನಿಯಪ್ಪ ಹಳೇ ಪದ್ಧತಿಯಂತೆ ತೊಲೆಯ ನೇರಕ್ಕೆ ಕೋಲು ಹಿಡಿದು, "ರಾಟೆಯಿಂದ ಆ ಕಡೆ ದೊಡ್ಡೋನ್ದು, ಈ ಕಡೆ ಚಿಕ್ಕೋನ್ದು. ರಾಟೆ ಇಬ್ಬರದೂ" ಅಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಆ ಸೀಮೆಯಲ್ಲಿ ಬಾವಿ ಭಾಗವಾದಾಗಲೆಲ್ಲ ಹಾಗೇ ಆಗುತ್ತಿತ್ತು. ತೊಲೆಗೆ ನಡುತೊಲೆ ಅಂತಲೇ ಹೆಸರು, ಹೆಸರಿದ್ದ ಮೇಲೆ ನಡುವಿನಲ್ಲೇ ಇರುತ್ತದೆ ಅಂತ ಎಲ್ಲರ ನಂಬಿಕೆ.

"ನಡುವಿನಾಗಿಲ್ಲ ಅದು," ಅಂದ ನಂಜಪ್ಪ.

ಇರಲಿಲ್ಲ ನಿಜ. ತೊಲೆ ಬಾವಿಯ ನಟ್ಟನಡುವೆ ಇದ್ದರೆ ಸೇದಿದ ಬಿಂದಿಗೆ ಕೈಗೆ ಎಟುಕುತ್ತದೆಯೇ? ಅಪ್ಪ ಬುದ್ಧಿವಂತ, ಅದನ್ನು ದಕ್ಷಿಣದ ಕಟ್ಟೆಗೆ ಹತ್ತಿರವಾಗಿಯೇ ಹಾಕಿದ್ದ. ತೊಲೆಯ ಗೆರೆ ಹಿಡಿದರೆ ನಂಜಪ್ಪನ ಪಾಲಿಗೆ ಬರುವುದು ಹುಣ್ಣಿಮೆಯಲ್ಲ, ಚೌತಿ ಚಂದ್ರ. "ನಮ್ಮಲ್ಲಿ ಇಂಗೆ ಕೊಯ್ದರೆ ಸೂಪರ್‌ವೈಸರ್ ಮೂತಿಗೆ ಎಸೀತಾನೆ" ಅಂದ ನಂಜಪ್ಪ. ಬೈರಪ್ಪ ನಕ್ಕು, "ಲೋ, ನೀರಿಗೂ ಇಂಚುಪಟ್ಟಿ ಹಿಡೀತೀಯೇನೋ?" ಅಂದ. ಅವನು ಅಂದದ್ದು ತಮಾಷೆಗೇ. ಆದರೆ ಸುತ್ತ ನಿಂತವರೂ ನಕ್ಕುಬಿಟ್ಟರು. ನಂಜಪ್ಪನ ಮೂಗು ಕೆಂಪಾಯಿತು.

ಮುಂದಿನ ಭಾನುವಾರ ಅವನು ಹುರಿ, ಮೊಳೆ, ಮೂಲೆ ನೆಟ್ಟಗಿದೆಯೇ ನೋಡಲು ಕಾರ್ಖಾನೆಯಿಂದ ಕೇಳಿ ತಂದ ಕಬ್ಬಿಣದ ಮೂಲೆಮಟ್ಟ ಹಿಡಿದು ಬಾವಿಗೆ ಬಂದ. ಊರೆಲ್ಲ ನೋಡಲಿ ಅಂತ ದೊಡ್ಡಮುನಿಯಪ್ಪನನ್ನೂ ಕರೆಸಿದ. ಹುರಿಯ ಒಂದು ತುದಿಯನ್ನು ಕಟ್ಟೆಯ ಮೇಲೆ ಒತ್ತಿ ಹಿಡಿಯಲು ಮುದುಕನಿಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಕಟ್ಟೆಯ ಗುಂಟ ನಡೆದ. "ನೋಡ್ತಾ ಇರಿ. ಮುಂದೆ ಓದಂಗೆಲ್ಲ ಹುರಿ ಜಾಸ್ತಿ ಬೇಕಾಯ್ತದೆ. ಇಲ್ಲಿಗೆ ಬಂದ್ರೆ ಎಲ್ಲಕ್ಕಿಂತ ಉದ್ದ. ಇದನ್ನ ದಾಟಿದ್ರೆ ಮತ್ತೆ ಸಡಿಲ. ಈ ಉದ್ದ ಇರೋದೇ ವ್ಯಾಸ, ನಟ್ಟನಡುವೆ ಓಗೋದು ಇದೊಂದೇ. ಈಗ ನಿಮ್ಮ ತೊಲೆ ಮೇಲೆ ಹಿಡೀರಿ." ಹಿಡಿದರು. ಹುರಿ ಮಿಕ್ಕಿ ಜೋತುಬಿತ್ತು.

ಅಷ್ಟಕ್ಕೇ ಬಿಡುವವನಲ್ಲ. ವ್ಯಾಸದ ಎರಡು ತುದಿಗೂ ಹುರಿ ಕಟ್ಟಿ, ಎರಡನ್ನೂ ಕಟ್ಟೆಯ ಮೇಲೆ ಒಂದು ಕಡೆ ಕೂಡಿಸಿ ಮೂಲೆಮಟ್ಟ ಇಟ್ಟ. ಒಂದಿಷ್ಟೂ ಸಂದಿಲ್ಲದೆ ಕೂತುಕೊಂಡಿತು. ಕಟ್ಟೆಯ ಮೇಲೆ ಮತ್ತೊಂದು ಜಾಗಕ್ಕೆ ಸರಿಸಿದ, ಅಲ್ಲೂ ಕೂತಿತು. ಆ ಕಡೆ ಹೋಗಿ ಇಟ್ಟ, ಅಲ್ಲೂ ಅದೇ. ತೊಲೆಯ ತುದಿಗಳಿಗೆ ಕಟ್ಟಿ ನೋಡಿದರೆ ಈ ಕಡೆ ಮೂಲೆ ಬಾಯಿ ಬಿಟ್ಟುಕೊಂಡಿತು, ಆ ಕಡೆ ಇಕ್ಕಟ್ಟಾಯಿತು.

"ಅಯ್ ಶಿವನೇ, ಎಲ್ಲಿ ಕುಂತ್ರೂ ಒಂದೇ ಮೂಲೆನಾ?" ಅಂತ ದೊಡ್ಡಮುನಿಯಪ್ಪ ಬೆರಗಾಗಿ ಎಲೆ ಅಡಿಕೆ ಅಗಿಯುವುದನ್ನೇ ಮರೆತ.

"ವ್ಯಾಸದ ಮೇಲೆ ಕುಂತ್ರೆ ಅಷ್ಟೇನೇ. ಅರ್ಧ ಚಕ್ರದಾಗೆ ಎಲ್ಲಿ ನಿಂತು ನೋಡಿದ್ರೂ ಅದು ಲಂಬಕೋನ," ಅಂದ ನಂಜಪ್ಪ. ಹತ್ತನೇ ಕ್ಲಾಸಿನಲ್ಲಿ ಅವನು ಡುಮ್ಕಿ ಹೊಡೆದದ್ದು ಇಂಗ್ಲಿಷಿನಲ್ಲಿ, ಲೆಕ್ಕದಲ್ಲಲ್ಲ.

ಬೈರಪ್ಪ ಇಷ್ಟನ್ನೂ ಕೈಕಟ್ಟಿ ನೋಡುತ್ತಾ ನಿಂತಿದ್ದ. ತಮ್ಮನ ಲೆಕ್ಕ ಸರಿಯಾಗಿತ್ತು, ಅದು ಅವನಿಗೂ ಗೊತ್ತಾಯಿತು. ಆದರೆ ಒಡಹುಟ್ಟಿದವನ ಮೇಲೆ ಹುರಿ ಹಿಡಿದು ಊರು ಕರೆಸಿದನಲ್ಲ, ಅದು ಅವನ ಮನಸ್ಸಿಗೆ ನಾಟಿತು. "ಆಯ್ತಪ್ಪ. ಇಷ್ಟು ಲೆಕ್ಕ ಇರೋನು ಬಾವಿ ಮೇಲೂ ಗೋಡೆ ಹಾಕ್ಬಿಡು. ನಾಳೆ ನನ್ನ ಬಿಂದಿಗೆ ನಿನ್ನ ನೀರಿಗೆ ಬಿದ್ದಾತು," ಅಂದು ಒಳಗೆ ಹೋದ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ನಂಜಪ್ಪ ನಿಜವಾಗಿಯೂ ಹಾಕಿಬಿಟ್ಟ. ಉದ್ದನೆಯ ಕಲ್ಲಿನ ಚಪ್ಪಡಿಯನ್ನು ವ್ಯಾಸದ ನೇರಕ್ಕೆ ಬಾವಿಯ ಬಾಯಿಗೆ ಅಡ್ಡ ಇಳಿಸಿ, ಅದರ ಮೇಲೆ ಇಟ್ಟಿಗೆಯ ಗೋಡೆ ಏರಿಸಿ, ಪೂರ್ವಕ್ಕೂ ಪಶ್ಚಿಮಕ್ಕೂ ಹಿತ್ತಲ ಕೊನೆಯ ತನಕ ತಲೆಯೆತ್ತರಕ್ಕೆ ಎಳೆದ. ಗೋಡೆ ಎಷ್ಟು ನೆಟ್ಟಗೆ, ಎಷ್ಟು ನಡುವೆ ಇತ್ತೆಂದರೆ ಊರವರು ನೋಡಲು ಬರುತ್ತಿದ್ದರು. ರಾಟೆ ನಂಜಪ್ಪನ ಕಡೆಗೇ ಬಂತು. ಬೈರಪ್ಪ ಆ ಕಡೆ ಬೇರೆ ರಾಟೆ ಹಾಕಿಕೊಂಡ. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. "ಗೋಡೆ ದಾಟಿ ಓದ್ರೆ ನನ್ನ ಹೆಣ ನೋಡು" ಅಂತ ಬೈರಪ್ಪ ಹೆಂಡತಿಗೆ ಆಣೆ ಹಾಕಿದ.

ಆ ಸಂಜೆ ಅಶ್ವತ್ಥಮ್ಮ ಗೋಡೆಯ ಆ ಕಡೆ ನೀರು ಸೇದುತ್ತಿದ್ದ ಸದ್ದು ನಂಜಪ್ಪನಿಗೆ ಕೇಳಿಸಿತು. ಗೆದ್ದವನಿಗೆ ಆಗಬೇಕಾದ ಸಂತೋಷ ಅವನಿಗೆ ಆಗಲಿಲ್ಲ. ಆದರೂ ಮೀಸೆ ಮಣ್ಣಾಗಲಿಲ್ಲ ಅಂತ ಸಮಾಧಾನ ಮಾಡಿಕೊಂಡ.

ವಸಂತ ಏಳು ತಿಂಗಳ ಬಸುರಿಯಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಂದವಳೇ ಹಿತ್ತಲ ಬಾಗಿಲು ತೆಗೆದಳು, ದೊಡ್ಡಮ್ಮನನ್ನು ಕೂಗಬೇಕು ಅಂತ. ಗೋಡೆಯ ಸುದ್ದಿ ಅವಳಿಗೆ ಕಿವಿಯಲ್ಲಿ ಬಿದ್ದಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಬಾವಿಯ ಈ ಅರ್ಧವನ್ನು ಆ ತುದಿಯಿಂದ ಈ ತುದಿಗೆ ಸವರಿಕೊಂಡು ನಡೆದಳು. ತಿರುಗಿ ನಿಂತು ಹೇಳಿದಳು: "ಎಲ್ಲಿ ನಿಂತ್ರೂ ಗೋಡೆ ಅಷ್ಟೇ ಅಗಲಕ್ಕೆ ಕಾಣ್ತದಲ್ಲಪ್ಪಾ."

ಲಂಬಕೋನ ಅಂತ ಹೇಳಲು ನಂಜಪ್ಪನಿಗೆ ಬಾಯಿ ಬರಲಿಲ್ಲ.

ಬಾಣಂತನಕ್ಕೆ ಅವನು ಭದ್ರಮ್ಮ ಅನ್ನುವ ಮುದುಕಿಯನ್ನು ಗೊತ್ತು ಮಾಡಿದ್ದ. ಅವಳ ಕೈ ಎಷ್ಟು ಮೆತ್ತಗೋ ನಾಲಗೆ ಅಷ್ಟೇ ಹರಿತ. ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ಮಗುವಿನ ಮೊದಲ ಅಳು ಕೇಳಿ ನಂಜಪ್ಪ ಜಗುಲಿಯಲ್ಲಿ ಕೂತು ಗಂಡಸು ಅನ್ನುವುದನ್ನೂ ಮರೆತು ಅತ್ತ. ಆಮೇಲೆ ಕೋಣೆಯ ಬಾಗಿಲಿಗೆ ಹೋಗಿ, "ಜ್ವರ ಇಲ್ಲ ತಾನೇ? ಹಣೆ ಮುಟ್ಟಿ ನೋಡಿದ್ಯಾ?" ಅಂತ ಕೇಳಿದ. ದಿನವೂ ಕೇಳಿದ. ಭದ್ರಮ್ಮನಿಗೆ ಸಾಕಾಗಿ, "ಇನ್ನೊಂದ್ಸಲ ಕೇಳಿದ್ರೆ ನಿನಗೇ ಜ್ವರ ಬರಿಸ್ತೀನಿ ನೋಡು" ಅಂದಳು.

ಗೋಡೆಯ ಮೇಲೆ ಮಾತ್ರ ದಿನಾ ಬೆಳಿಗ್ಗೆ ಏನಾದರೊಂದು ಬಂದು ಕೂತಿರುತ್ತಿತ್ತು. ಒಂದು ದಿನ ಬಾಣಂತಿ ಖಾರದ ಉಂಡೆ ಎಲೆಯಲ್ಲಿ ಸುತ್ತಿದ್ದು. ಇನ್ನೊಂದು ದಿನ ಹಳೇ ಸೀರೆ ಹರಿದು ಹೊಲಿದ ಕೌದಿ. ಬೈರಪ್ಪನ ಹೊಲದ ಸಬ್ಬಸಿಗೆ ಸೊಪ್ಪು. ಅಶ್ವತ್ಥಮ್ಮ ಗಂಡನ ಆಣೆ ಮೀರಲಿಲ್ಲ, ಗೋಡೆ ದಾಟಿದ್ದು ಅವಳಲ್ಲ, ಸೊಪ್ಪು. ನಂಜಪ್ಪ ಅದನ್ನು ನೋಡಿಯೂ ನೋಡದವನಂತೆ ಹಲ್ಲುಜ್ಜುತ್ತಿದ್ದ. ಸಬ್ಬಸಿಗೆ ಸೊಪ್ಪನ್ನು ಬೈರಪ್ಪನಿಗೆ ಗೊತ್ತಿಲ್ಲದೆ ಕೀಳಲು ಆಗುತ್ತದೆಯೇ ಅಂತ ಒಮ್ಮೆ ಅನ್ನಿಸಿತು. ಅದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಗಂಗೆ ಪೂಜೆಯ ದಿನ ಗೊತ್ತಾದಾಗ ಫಜೀತಿ ಶುರುವಾಯಿತು.

"ಪೂಜೆಯೇನೋ ಮಾಡ್ಸಾನ. ಮೂರು ಸುತ್ತು ಎಲ್ಲಿ ಬರ್ತಾಳೆ?" ಅಂದಳು ಭದ್ರಮ್ಮ.

ನಂಜಪ್ಪ ಎದ್ದು ಹಿತ್ತಲ ಬಾಗಿಲಿಗೆ ಬಂದು ಬಾವಿ ನೋಡಿದ. ನಡು ಹುಡುಕಿದವನು, ವ್ಯಾಸ ಅಳೆದವನು, ಮೂಲೆ ಮೂಲೆಗೂ ಮಟ್ಟ ಇಟ್ಟವನು, ಇದೊಂದನ್ನು ಯೋಚಿಸಿರಲೇ ಇಲ್ಲ. ಇಷ್ಟು ವರ್ಷ ಯಾವುದಕ್ಕಾಗಿ ಕಾದಿದ್ದನೋ ಅದಕ್ಕೇ ಅಡ್ಡಲಾಗಿ ತನ್ನ ಕೈಯಾರೆ ಗೋಡೆ ಹಾಕಿದ್ದ.

ಒಪ್ಪಿಕೊಳ್ಳುವ ಜಾಯಮಾನವೇ ಅಲ್ಲ ಅವನದು. ಕೂತು ಲೆಕ್ಕ ಹಾಕಿದ. "ನೋಡು ಭದ್ರಮ್ಮ. ನಮ್ಮ ಕಡೆ ಇರೋದು ಅರ್ಧ ಪರಿಧಿ. ಈ ತುದಿಯಿಂದ ಆ ತುದಿಗೆ ಓಗಿ, ಅಲ್ಲಿಂದ ವಾಪಸ್ ಬಂದ್ರೆ ಎರಡು ಅರ್ಧ ಸೇರಿ ಒಂದು ಪೂರ್ತಿ ಸುತ್ತು. ಅಂಗೇ ಮೂರು ಸಲ. ಲೆಕ್ಕಕ್ಕೆ ಲೆಕ್ಕ ಸರಿ ಓಯ್ತಲ್ಲ?"

"ನೂಲು ಸುತ್ತಿ, ಮತ್ತೆ ಬಿಚ್ಚಿದ್ರೆ ಕದಿರಾಗೆ ಏನಪ್ಪಾ ಉಳೀತದೆ?" ಅಂದಳು ಮುದುಕಿ.

"ಬೀದಿ ಕಡೆಯಿಂದ ಸುತ್ತಿ ಅವರ ಬಾಗಿಲಿಂದ..."

"ಪೂಜೆಗೆ ಮುಂಚೆ ಬಾಣಂತೀನ ಬೀದಿಗಿಳಿಸ್ತಾನಂತೆ! ನಿಂಗೆ ತಲೆ ನೆಟ್ಟಗೈತಾ?"

"ಅಂಗಾರೆ ಶಾಲೆ ಹತ್ರ ಹೊಸ ಬೋರ್‌ವೆಲ್ ಕೈಪಂಪ್ ಐತಲ್ಲ, ಗಾಡೀಲಿ ಕೂರಿಸ್ಕೊಂಡು ಓದ್ರೆ ಕಾಲು ಬೀದಿಗೆ ತಾಗಲ್ಲ, ಅಲ್ಲೇ ಮಾಡ್ಸಾನ. ಅದರ ಕಟ್ಟೇನೂ ದುಂಡಗೇ ಐತೆ."

ಒಳಗಿನಿಂದ ವಸಂತಳ ದನಿ ಬಂತು. "ಅಪ್ಪಾ, ನಮ್ಮವ್ವನಿಗೆ ಆಗದೇ ಇದ್ದದ್ದು ಈ ಬಾವೀಲಿ. ನಂಗೆ ಆದ್ರೆ ಈ ಬಾವೀಲೇ ಆಗ್ಲಿ. ಅರ್ಧ ಆದ್ರೆ ಅರ್ಧ." ಅಣ್ಣನ ಬಾಗಿಲಿಗೆ ಹೋಗಿ ಒಂದು ಮಾತು ಕೇಳಿದರೆ ಮುಗಿದೇ ಹೋಗುತ್ತಿತ್ತು. ನಂಜಪ್ಪ ಬೀದಿಯ ತನಕ ಹೋದ. ಬೈರಪ್ಪನ ಜಗುಲಿ ಕಂಡಿತು. ಅಂದು ನಕ್ಕವರ ಮುಖಗಳೂ ಕಂಡವು. ಬೀಡಿ ತರಲು ಬಂದವನಂತೆ ಅಂಗಡಿಗೆ ಹೋಗಿ ವಾಪಸ್ ಬಂದ. ಅವನಿಗೆ ಬೀಡಿ ಸೇದುವ ಅಭ್ಯಾಸವೇ ಇರಲಿಲ್ಲ.

ಪೂಜೆಯ ಬೆಳಿಗ್ಗೆ ಬಿಸಿಲು ಎಳೆಯದಾಗಿತ್ತು. ದೂರದ ಕಾರ್ಖಾನೆಗಳ ಸೈರನ್ ಕೂಗಿ ನಿಂತಿತ್ತು, ನಂಜಪ್ಪ ರಜೆ ಹಾಕಿದ್ದ. ವಸಂತ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡು, ಮಗುವನ್ನು ಎದೆಗವಚಿಕೊಂಡು ಹೊರಗೆ ಬಂದಳು. ಕಟ್ಟೆಗೆ ಅರಿಶಿನ ಕುಂಕುಮ ಇಟ್ಟಳು, ವೀಳ್ಯದೆಲೆ ಮೇಲೆ ಐದು ಬೆಣಚುಕಲ್ಲು ಇಟ್ಟು ಹೂವೇರಿಸಿದಳು. ಆಮೇಲೆ ಪೂರ್ವದ ತುದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಬಾವಿಯನ್ನು ಬಲಕ್ಕಿಟ್ಟುಕೊಂಡು ಹೊರಟಳು. ಒಂದೊಂದೇ ಹೆಜ್ಜೆ ಇಡುತ್ತಾ ಕಟ್ಟೆಯ ದುಂಡಿನ ಗುಂಟ ನಡೆದು ಪಶ್ಚಿಮದ ತುದಿಗೆ ಬಂದಳು. ಅಲ್ಲಿ ಗೋಡೆ. ನಿಂತಳು. ಅವಳ ಅಂಗೈ ಗೋಡೆಯ ಮೇಲೆ ಹೋಗಿ ಕೂತಿತು. ಈಗ ತಿರುಗಬೇಕು, ಸುತ್ತಿದ್ದನ್ನು ಬಿಚ್ಚಬೇಕು. ಅವಳು ತಿರುಗಲಿಲ್ಲ.

ಆಗ ಗೋಡೆಯ ಆ ಕಡೆಯಿಂದ ಕಾಲುಂಗುರ ಕಲ್ಲಿಗೆ ತಾಕಿದ ಸದ್ದು ಕೇಳಿತು.

"ವಸಂತಾ, ಅಲ್ಲೇ ನಿಂತ್ಕೊ ಕಣವ್ವ. ತಿರುಗಬ್ಯಾಡ. ಈ ಕಡೇದು ನಾನು ಸುತ್ತೀನಿ." ಅಶ್ವತ್ಥಮ್ಮ.

"ದೊಡ್ಡಮ್ಮಾ..."

"ಸುಮ್ಕಿರು, ಪೂಜೆ ಟೈಮ್ನಾಗೆ ಅಳಬಾರದು. ನಂಗೇನು ಇದು ಹೊಸದಾ? ನಿಮ್ಮವ್ವ ಸತ್ತಾಗ, ಈ ಕೂಸಿನ ಗಂಗೆ ಪೂಜೆ ಯಾರು ಮಾಡೋರು ಅಂತ ನಿನ್ನ ಎತ್ಕೊಂಡು ಈ ಬಾವಿ ಸುತ್ತಿದೋಳು ನಾನೇ ಅಲ್ವಾ. ನಿಮ್ಮಪ್ಪನಿಗೆ ಗೊತ್ತಿಲ್ಲ. ಅವನು ಒಳಗೆ ಗೋಡೆ ಕಡೆ ಮುಖ ಮಾಡ್ಕೊಂಡು ಬಿದ್ದಿದ್ದ." ಮಾತಾಡುತ್ತಲೇ ಅವಳು ನಡೆಯುತ್ತಿದ್ದಳು. ಕಾಲುಂಗುರದ ಸದ್ದು ಉತ್ತರದ ಅರ್ಧವನ್ನು ಬಳಸಿ, ಪಶ್ಚಿಮದಿಂದ ಪೂರ್ವಕ್ಕೆ ಸಾಗಿ ಗೋಡೆಯ ಹತ್ತಿರ ನಿಂತಿತು. "ಬಂದೆ. ಒಂದು ಸುತ್ತು ಆಯ್ತು ನೋಡು. ಈಗ ಮತ್ತೆ ನೀನು ಇಲ್ಲಿಂದ ನಡಿ."

ಅವಳು ಇದ್ದದ್ದು ಪೂರ್ವದ ತುದಿಯಲ್ಲಿ, ವಸಂತ ನಿಂತಿದ್ದು ಪಶ್ಚಿಮದಲ್ಲಿ. ಎರಡನೇ ಸುತ್ತು ಹಿಡಿಯಬೇಕಾದರೆ ಬಾಣಂತಿ ಬಂದ ದಾರಿಯಲ್ಲೇ ವಾಪಸ್ ನಡೆಯಬೇಕು. ಇದು ಭದ್ರಮ್ಮನಿಗೆ ಹೊಳೆಯಿತು, ವಸಂತಳಿಗೆ ಹೊಳೆಯಿತು. ಎಲ್ಲರಿಗಿಂತ ಮೊದಲು ನಂಜಪ್ಪನಿಗೆ ಹೊಳೆದಿತ್ತು, ಆದರೆ ಅವನ ಮನಸ್ಸು ಆ ಲೆಕ್ಕದಲ್ಲಿ ಇರಲಿಲ್ಲ. ಎಂದೋ ಒಂದು ದಿನ ತಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗ, ಹೊರಗೆ ಒಬ್ಬಳು ತನ್ನ ತಾಯಿಯಿಲ್ಲದ ಕೂಸನ್ನು ಎತ್ತಿಕೊಂಡು ಈ ಬಾವಿ ಸುತ್ತಿದ್ದಳು. ಅವಳ ಕಾಲಿಗೆ ಅಡ್ಡ ತಾನು ಇಟ್ಟಿಗೆ ಇಟ್ಟಿದ್ದ. ನಟ್ಟನಡುವೆ ಇಟ್ಟಿದ್ದೆ ಅಂತ ಬೀಗಿದ್ದ.

ಕೊಟ್ಟಿಗೆಗೆ ಓಡಿ ಹಾರೆ ತಂದ. "ವಸಂತಾ, ಸ್ವಲ್ಪ ಈಚೆ ಬಾರವ್ವ" ಅಂದು, ಬಾವಿಯ ಕಟ್ಟೆ ಮುಗಿದು ನೆಲದ ಗೋಡೆ ಶುರುವಾಗುವ ಜಾಗಕ್ಕೆ ಬೀಸಿ ಹೊಡೆದ. ಅವನ ಕೆಲಸ ಗಟ್ಟಿ, ಗೋಡೆ ಸುಲಭಕ್ಕೆ ಬಗ್ಗಲಿಲ್ಲ. ಸಾಲು ಸಾಲು ಇಟ್ಟಿಗೆಯನ್ನು ಎಷ್ಟು ಚೆಂದಕ್ಕೆ ಕೂರಿಸಿದ್ದನೋ ಅದಕ್ಕೆಲ್ಲ ತನ್ನನ್ನೇ ಬೈದುಕೊಂಡು ಹೊಡೆದ. ಕೊನೆಗೆ ಒಂದು ಇಟ್ಟಿಗೆ ಆ ಕಡೆಗೆ ಬಿತ್ತು, ಬೆಳಕು ಬಂತು, ಒಂದಾದ ಮೇಲೊಂದು ಉರುಳಿ ಆಳು ನುಸುಳುವಷ್ಟು ದಾರಿಯಾಯಿತು. ಬೆವರು ಒರೆಸಿಕೊಂಡು, ಇನ್ನೊಂದು ತುದಿ ಒಡೆಯಲು ಪೂರ್ವಕ್ಕೆ ತಿರುಗಿದ.

ಅಲ್ಲಿ ಆಗಲೇ ಧೂಳೆದ್ದಿತ್ತು. ಗೋಡೆ ಆ ಕಡೆಯಿಂದ ಗದಗದ ನಡುಗಿ, ಒಂದು ಸಾಲು ಇಟ್ಟಿಗೆ ಈ ಕಡೆಗೆ ಕುಸಿಯಿತು. ಸಂದಿನಲ್ಲಿ ಗುದ್ದಲಿ ಹಿಡಿದ ಬೈರಪ್ಪ ಕಂಡ. ತಲೆಯ ಮೇಲೆ, ಮೀಸೆಯ ಮೇಲೆ ಕೆಂಪು ಪುಡಿ.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಬೈರಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಲೋ ನಂಜಾ, ಆ ಕಡೆ ಎಷ್ಟು ಒಡೆದಿದ್ದೀಯೋ ನೋಡ್ಕೋ. ನಂದು ಒಂದಿಂಚು ಜಾಸ್ತಿ ಆಗಿದ್ರೆ ಊರು ಕರೆಸ್ಬೇಡ."

"ಅಣ್ಣಾ," ಅಂದ ನಂಜಪ್ಪ. ಕಣ್ಣಿಗೆ ಇಟ್ಟಿಗೆ ಪುಡಿ ಬಿದ್ದವನ ಹಾಗೆ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ಬೈರಪ್ಪನೂ ಒರೆಸಿಕೊಂಡ. ತನ್ನ ಕಣ್ಣಿಗೆ ನಿಜವಾಗಿಯೂ ಪುಡಿ ಬಿದ್ದಿತ್ತು ಅಂತ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಭದ್ರಮ್ಮ ತಲೆ ಚಚ್ಚಿಕೊಂಡಳು. "ಇಬ್ಬರೂ ಆಮೇಲೆ ಅತ್ಕೊಳಿ. ಬಾಣಂತಿ ಬಿಸಿಲಾಗೆ ನಿಂತೈತೆ. ಮೊದಲಿಂದ ಶುರು ಮಾಡವ್ವ."

ವಸಂತ ಮಗುವಿನ ಜೊತೆ ಪೂರ್ವದಿಂದ ಹೊರಟು, ಈ ಕಡೆಯ ಅರ್ಧ ದಾಟಿ, ಪಶ್ಚಿಮದ ಸಂದಿನಲ್ಲಿ ನುಸುಳಿದಳು. ಆ ಕಡೆ ಅಶ್ವತ್ಥಮ್ಮ ಅವಳ ಹಿಂದೆ ಸೇರಿಕೊಂಡಳು. ಇಬ್ಬರೂ ಉತ್ತರದ ಅರ್ಧ ಬಳಸಿ, ಬೈರಪ್ಪ ಒಡೆದ ಸಂದಿನಿಂದ ಈ ಕಡೆ ಬಂದರು. ನೂಲು ಬಿಚ್ಚಲಿಲ್ಲ. ಒಂದು ಸುತ್ತು, ಎರಡು, ಮೂರು. ಮೂರನೆಯದಕ್ಕೆ ಮಗು ಎದ್ದು ಕಣ್ಣು ಬಿಟ್ಟಿತ್ತು. ವಸಂತ ಅದನ್ನು ದೊಡ್ಡಮ್ಮನ ಕೈಗಿಟ್ಟು, ರಾಟೆಗೆ ಹಗ್ಗ ಹಾಕಿ ಬಿಂದಿಗೆ ಸೇದಿದಳು. ಕಟ್ಟೆಯ ಮೇಲೆ ಬಿಂದಿಗೆ ಕೂತಾಗ ನಂಜಪ್ಪ ಅದರ ನೀರನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಬಾವಿಯ ಮೇಲಿನ ಗೋಡೆ ಮಾತ್ರ ಎರಡೂ ತುದಿ ಕಳೆದುಕೊಂಡು ಚಪ್ಪಡಿಯ ಮೇಲೆ ಹಾಗೇ ನಿಂತಿತ್ತು. "ಅದನ್ನೂ ಕೆಡವಿಬಿಡ್ತೀನಿ" ಅಂತ ನಂಜಪ್ಪ ಹಾರೆ ಎತ್ತಿದ. "ಇಟ್ಟಿಗೆ ನೀರಿಗೆ ಬಿದ್ರೆ ಯಾರು ತೆಗೆಯೋದು? ಇರ್ಲಿ ಬಿಡು," ಅಂದ ಬೈರಪ್ಪ. "ಪಾಪ, ಸರ್ಯಾಗಿ ನಡುವಿನಾಗೆ ಐತೆ." ಭದ್ರಮ್ಮ ನಕ್ಕಳು. ಈ ಸಲ ನಂಜಪ್ಪನ ಮೂಗು ಕೆಂಪಾಗಲಿಲ್ಲ, ಅವನೂ ನಕ್ಕ.

ಆಮೇಲೆ ಮೆಲ್ಲಗೆ ಅತ್ತಿಗೆಯ ಹತ್ತಿರ ಬಂದ. ಆಡಬೇಕಾದ ಮಾತು ಬಹಳ ಇದ್ದವು. ಬಾಯಿಗೆ ಬಂದದ್ದು ಒಂದೇ. "ಅತ್ತಿಗೆ, ಅವತ್ತು ವಸಂತನ್ನ ಎತ್ಕೊಂಡು ಮೂರೂ ಸುತ್ತು ಬಂದ್ರಾ?"

ಅಶ್ವತ್ಥಮ್ಮ ಸೆರಗಿನಿಂದ ಮಗುವಿನ ಮುಖಕ್ಕೆ ನೆರಳು ಹಿಡಿದಿದ್ದಳು. "ಇಲ್ಲ ಕಣಪ್ಪ. ಎರಡೇ ಬಂದೆ. ಅಷ್ಟರಾಗೆ ಒಳಗೆ ನೀನು ದೊಡ್ಡದಾಗಿ ಅಳೋಕೆ ಶುರು ಮಾಡ್ದೆ. ಅವತ್ತಿನ ತನಕ ನೀನು ಅತ್ತೇ ಇರ್ಲಿಲ್ಲ. ಅಯ್ಯೋ ಅಂತ ಒಳಕ್ಕೆ ಓಡ್ಬಂದೆ." ಮಗುವಿನ ಹಣೆ ಸವರಿ ಅಂದಳು: "ನಿನ್ನ ಸುಬ್ಬಿ ಹೆಸರಿನದು ಒಂದು ಸುತ್ತು ಉಳ್ಕೊಂಡೈತೆ."

ನಂಜಪ್ಪ ಕೈ ಚಾಚಿದ. ಅವಳು ಮಗುವನ್ನು ಕೊಟ್ಟಳು. ಗಂಡಸರು ಗಂಗೆ ಪೂಜೆಯ ಸುತ್ತು ಬರುವುದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ, ಭದ್ರಮ್ಮ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಅವನು ಬಾವಿಯನ್ನು ಬಲಕ್ಕಿಟ್ಟುಕೊಂಡು ಹೊರಟ. ತಾನು ಒಡೆದ ಸಂದಿನಲ್ಲಿ ತಲೆ ಬಗ್ಗಿಸಿ ನುಸುಳಿದ, ಅಣ್ಣನ ಅರ್ಧವನ್ನು ನಿಧಾನವಾಗಿ ಬಳಸಿದ, ಅಣ್ಣ ಒಡೆದ ಸಂದಿನಿಂದ ಈಚೆ ಬಂದ. ಬಂದು, ಮೊಮ್ಮಗಳನ್ನು ಎದೆಗೊತ್ತಿಕೊಂಡು, ಹೊರಟ ಜಾಗದಲ್ಲೇ ನಿಂತ.